ಸೊಂಟದ ನಾಲ್ಕನೇ ಮಣಿ

ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ಮುನೀರಾಬಿಯವರ ಬೆನ್ನು
ನನ್ನ ಪರದೆಯ ಮೇಲೆ ತಿರುಗುತ್ತಿದೆ:
ಹನ್ನೆರಡು ಸಾವಿರ ತ್ರಿಕೋನಗಳ ಬಲೆ,
ಒಳಗೆ ಮೂಳೆ, ಜೊಳ್ಳು ಗೂಡಿನ ಹಾಗೆ.

"ದಿನಕ್ಕೆ ಎಷ್ಟು ಸಲ ಬಗ್ತೀರಿ?" ಕೇಳಿದೆ.
ನಕ್ಕರು. "ಎಳೆ ಎಷ್ಟು ಸಲ ಕಡೀತದೋ ಅಷ್ಟು."
ಆ ಉತ್ತರಕ್ಕೆ ನನ್ನ ಪಟ್ಟಿಯಲ್ಲಿ ಖಾನೆಯಿಲ್ಲ.
ಅಂದಾಜಿಗೆ ಆರುನೂರು ಅಂತ ತುಂಬಿದೆ.

ಭಾರ ಹೊರಿಸಿದೆ. ನಾಲ್ಕನೇ ಮಣಿ ಕೆಂಪಾಯಿತು.
ಅವರು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದು
ಕುದಿನೀರಿಗೆ ಬಿಳಿಚಿದ ಬೆರಳಿಂದ
ಗಾಜು ಸವರಿದರು,
ಎಳೆಯ ತುದಿ ಹುಡುಕುವ ಹಾಗೆ.

"ಇದನ್ನ ಬಿಚ್ಚಿದರೆ
ಎಷ್ಟು ಉದ್ದ ಬರ್ತದೆ, ಬೇಟಾ?"

ಲೆಕ್ಕ ಹಾಕಿಲ್ಲ ಅಂದೆ.
ಭಾರದ ಖಾನೆಗೆ ಸೊನ್ನೆ ಕೊಟ್ಟು ತೋರಿಸಿದೆ. ಎಲ್ಲ ನೀಲಿ.

ತುಂಬ ಹೊತ್ತು ನೋಡಿದರು.
"ಇದು ಯಾರ ಬೆನ್ನು?"