ಎಸ್ ಇಪ್ಪತ್ತು, ಕೆ ಎಂಬತ್ತು

ಧಕ್ಕೆಯ ಐಸ್ ಫ್ಯಾಕ್ಟರಿಯ ಮಹಡಿಯಲ್ಲಿ
ಒಂದು ಹಳೆಯ ಸರ್ವರು.
ಬಂದ ಮೀನಿನ ತೂಕ, ಹೋದ ಮಂಜುಗಡ್ಡೆ,
ಯಾವ ಬೋಟಿನದು ಎಷ್ಟು ಬಾಕಿ,
ಎಲ್ಲ ಅದರ ಹೊಟ್ಟೆಯಲ್ಲಿ.
ಕೀಲಿಮಣೆಗೆ ಉಪ್ಪುಗಾಳಿ ಹೊಕ್ಕು
'ಕೆ' ಒತ್ತಿದರೆ ಎರಡು ಸಲ ಬೀಳುತ್ತದೆ.

ಕರೆಂಟು ಹೋದರೆ ಬ್ಯಾಟರಿ ಕೊಡುವುದು ಹನ್ನೊಂದು ನಿಮಿಷ.
ಮಲಗಲು ಅದಕ್ಕೆ ಬೇಕು ಹದಿನಾಲ್ಕು.
ಆ ಮೂರು ನಿಮಿಷಕ್ಕಾಗಿ
ನನ್ನನ್ನು ಕರೆಸಿದ್ದರು.

ತೆರೆದು ನೋಡಿದೆ. ನನಗಿಂತ ಮುಂಚಿನವರು,
ಸಿಪ್ರಿಯನ್ ಪಿಂಟೊ, ಹತ್ತೊಂಬತ್ತು ವರ್ಷ
ತುಂಬಿಸಿಟ್ಟ ಅಟ್ಟ:
'ಹೊಸತು', 'ಹೊಸತು-ಎರಡು', 'ಇದೇ-ಸರಿ',
'ಇದೇ-ಸರಿ-ಹಳತು', 'ತೆಗೆಯಬೇಡಿ'.
ಒಂದು ಮಧ್ಯಾಹ್ನ ಪೂರಾ ಕೂತು
ಬೂತಾಯಿ ಒಂದು ಬದಿ ಬಂಗುಡೆ ಒಂದು ಬದಿ ಹಾಕಿದ ಹಾಗೆ
ಬೇರೆ ಬೇರೆ ಮಾಡಿದೆ.

ಕಡತ ಒಂದೇ, ಹೆಸರು ಎರಡು.
ಎಸ್ ಇಪ್ಪತ್ತು ಎಂದು ಕರೆದರೆ ಏಳುತ್ತದೆ,
ಕೆ ಎಂಬತ್ತು ಎಂದರೆ ಮಲಗುತ್ತದೆ.
ಕೆ ಅಂದರೆ ಕೊಲ್ಲು; ನಮ್ಮ ಭಾಷೆಗೂ ಅದೇ ಅಕ್ಷರ ಸಾಕು.
ಮೊದಲು ಡಿಸ್ಕು, ಆಮೇಲೆ ಜಾಲ,
ಅದರ ಬೆನ್ನಿಗೆ ಲೆಕ್ಕದ ಪುಸ್ತಕ, ಕೊನೆಗೆ ತಕ್ಕಡಿ.
ಮಲಗುವಾಗ ತಲೆಕೆಳಗು:
ಕೊನೆಗೆ ಎದ್ದದ್ದು ಮೊದಲು ಮಲಗಬೇಕು,
ಪುಸ್ತಕ ಮುಚ್ಚುವ ಮೊದಲು ಡಿಸ್ಕು ಕಣ್ಣು ಮುಚ್ಚಬಾರದು.
ಹತ್ತು, ಇಪ್ಪತ್ತು, ಮೂವತ್ತು ಎಂದು ಸಂಖ್ಯೆ ಕೊಟ್ಟೆ,
ತಡವಾಗಿ ಬಂದವರಿಗೂ ಪಂಕ್ತಿಯಲ್ಲಿ
ಒಂದು ಎಲೆ ಹಾಕುವಷ್ಟು ಜಾಗ ಬಿಟ್ಟು.

ತಕ್ಕಡಿಯ ಕಡತದಲ್ಲೊಂದು ಸಾಲು:
ನಲವತ್ತು ಸೆಕೆಂಡು ಸುಮ್ಮನಿರು.
ಯಾಕೆ ಅಂತ ಬರೆದಿಲ್ಲ.
ಉಳಿದ ಕಸದ ಜೊತೆ ಅದನ್ನೂ ಗುಡಿಸಿದೆ.

ಮರುದಿನ ಬೆಳಗಿನ ಜಾವ ನಾಲ್ಕೂವರೆ.
ಜಲಜಕ್ಕನ ಬುಟ್ಟಿಯಲ್ಲಿ ಮೊಣಕೈ ಉದ್ದದ ಅಂಜಲ್,
ಪರದೆಯಲ್ಲಿ ಸೊನ್ನೆ.
ಮತ್ತೆ ಇಟ್ಟರು. ಸೊನ್ನೆ.
"ನನ್ನ ಮೀನಿಗೆ ತೂಕವೇ ಇಲ್ವಾ ಮಾರಾಯ್ತಿ?"
ಹಿಂದೆ ಸಾಲು ಬೆಳೆಯುತ್ತಿತ್ತು,
ಯಾರೋ ನನ್ನನ್ನೇ ತಕ್ಕಡಿಗೆ ಹಾಕಿ ಅಂದರು.

ಬೋಂದೆಲಿಗೆ ಫೋನು ಮಾಡಿದೆ.
ನಿದ್ದೆಗಣ್ಣಿನ ಸಿಪ್ರಿಯನ್: "ಎಂತ ನಲವತ್ತು?
ನಾನು ಬರೆದದ್ದಾ? ನೆನಪಿಲ್ಲ ಮಗಾ."

ಕೆಳಗಿನಿಂದ ಹಸನಬ್ಬ ಬಂದರು,
ಲುಂಗಿಗೆ ಗ್ರೀಸಿನ ಕೈ ಒರೆಸುತ್ತಾ.
"ಆ ತಕ್ಕಡಿ ರಾತ್ರಿಯಿಡೀ ಐಸಿನ ಮಗ್ಗುಲಲ್ಲಿ ಅಲ್ವಾ?
ಎದ್ದ ಕೂಡ್ಲೆ ಕೇಳಿದ್ರೆ ಸೊನ್ನೆ ಅಂತದೆ,
ಆಮೇಲೆ ಅದನ್ನೇ ಹಿಡ್ಕೊಂಡು ಕೂರ್ತದೆ.
ಸ್ವಲ್ಪ ಬಿಟ್ಟು ಕೇಳ್ಬೇಕು,
ಹೆಣ್ಣು ನೋಡ್ಲಿಕ್ಕೆ ಬಂದ ಹುಡುಗನ ಹತ್ರ ಕೇಳಿದ ಹಾಗೆ."

ಸಾಲನ್ನು ಮತ್ತೆ ಅದರ ಜಾಗಕ್ಕೆ ಇಟ್ಟೆ.
ಮೇಲೆ, ಯಂತ್ರ ಓದದ ಗೆರೆಯಲ್ಲಿ, ಬರೆದೆ:
ತಕ್ಕಡಿಗೆ ಚಳಿ. ಹಸನಬ್ಬ ಹೇಳಿದ್ದು.

ಮಧ್ಯಾಹ್ನ ಎರಡು ಹತ್ತಕ್ಕೆ ಕರೆಂಟು ಹೋಯಿತು.
ತಕ್ಕಡಿ ನಿಂತಿತು, ಪುಸ್ತಕ ಮುಚ್ಚಿತು, ಜಾಲ ಕಳಚಿತು.
ಎಂಟು ನಿಮಿಷ ನಲವತ್ತೈದು ಸೆಕೆಂಡು.
ಏಳುವಾಗಿನ ನಲವತ್ತನ್ನು
ಮಲಗುವಾಗ ಯಾರೂ ಕೇಳಲಿಲ್ಲ.

ಕತ್ತಲಲ್ಲಿ ಕೆಳಗೆ ಹಸನಬ್ಬ
ಅಮೋನಿಯದ ವಾಲ್ವುಗಳನ್ನು ತಿರುಗಿಸುತ್ತಿದ್ದರು,
ದೊಡ್ಡ ಚಕ್ರ, ಸಣ್ಣದು, ಗೋಡೆ ಬದಿಯದು.
ಪೆನ್ನು ಕಾಗದ ಹಿಡಿದು ಇಳಿದೆ.
"ಮೊದಲು ಯಾವುದು ಅಬ್ಬಾಕ?"
ಅವರು ನಿಂತರು. ತಲೆ ಕೆರೆದರು.
"ಬಾಯಲ್ಲಿ ಹೇಳ್ಲಿಕ್ಕೆ ಬರುದಿಲ್ಲ.
ನಿಲ್ಲು, ಇನ್ನೊಮ್ಮೆ ಮಾಡ್ತೇನೆ.
ನೀನು ಕೈ ನೋಡು."