ಇತರೆ

ರಾತ್ರಿ ಎರಡೂಕಾಲು. ಮಂಗಳೂರಿನ ದೊಡ್ಡಾಸ್ಪತ್ರೆಯ ಕೌಂಟರಿನಲ್ಲಿ
ನಾನು, ಒಂದು ಕಂಪ್ಯೂಟರು, ಆರಿದ ಚಹಾ.
ಹುಡುಗನ ಹೆಸರು ಸುಕೇಶ. ಎಡಗಿವಿಯಿಂದ ರಕ್ತ.
ಜೊತೆಗೆ ಅವನಮ್ಮ ಕೊರಪೊಲು,
ಜೊತೆಗೆ ಒಬ್ಬ ಪೇದೆ, ಟೊಪ್ಪಿ ಕಂಕುಳಲ್ಲಿ.
"ಬಿದ್ದಾನಂತ ಹಾಕ್ರೀ ಮೇಡಂ."
ಬಾಗಲಕೋಟೆ ಕಡೆಯವನು. ದನಿ ಮೆತ್ತಗೆ.

ಎಲ್ಲಿ ಬಿದ್ದದ್ದು ಮಾರಾಯ್ರೇ?
ನೇತ್ರಾವತಿ ಸೇತುವೆಯ ಈಚೆ, ನಾಕಾಬಂದಿಯ ಹತ್ತಿರ.
ಅಲ್ಲಿ ಎಂತ ಉಂಟು ಬೀಳಲಿಕ್ಕೆ? ಸಪಾಟು ಡಾಂಬರು.
ಮಾರ್ಚು ತಿಂಗಳ ಕೊನೆ, ಆಡಿಟ್ ಕೆಲಸ ಮುಗಿಸಿ
ತೊಕ್ಕೊಟ್ಟಿಗೆ ಹೊರಟವನು.
ಮುಂದೆ ಹೋದ ಬೈಕು ಬಿಟ್ಟರು, ಹಿಂದೆ ಬಂದದ್ದನ್ನೂ ಬಿಟ್ಟರು.
ಇವನ ಮುಖಕ್ಕೆ ಟಾರ್ಚು ಹಿಡಿದರು. ಟಾರ್ಚಿಗೆ ಅಷ್ಟು ಸಾಕಾಯಿತು.
ಬ್ಯಾಗಿನಲ್ಲಿ ಲ್ಯಾಪ್‌ಟಾಪು. ಎಲ್ಲಿಂದ ಕದ್ದದ್ದು?
ಬಿಲ್ಲು ಉಂಟು ಸರ್, ಅಂದನಂತೆ.
ಇತ್ತು, ಹೌದು. ಲ್ಯಾಮಿನೇಶನ್ ಮಾಡಿಸಿ ಇಟ್ಟುಕೊಂಡಿದ್ದ
ಅಂಗಿ ಕಿಸೆಯಲ್ಲಿ, ಬೇರೆಯವರು ದೇವರ ಫೋಟೋ ಇಡುವ ಕಡೆ.
ಅದನ್ನು ತೆಗೆಯಲಿಕ್ಕೆ ಕೈ ಕಿಸೆಗೆ ಹೋದದ್ದೇ
ತಪ್ಪಾಯಿತು.

ಈಗ ನನ್ನ ತಪ್ಪು ಹೇಳುತ್ತೇನೆ.
ಇಪ್ಪತ್ತೆರಡು ವರ್ಷದ ಹಿಂದೆ, ಇದೇ ಕೌಂಟರು,
ಕೆಂಪು ಬೈಂಡಿನ ದಪ್ಪ ರಿಜಿಸ್ಟರು, ನನಗೆ ಹೊಸ ಕೆಲಸ.
ಇದೇ ಕೊರಪೊಲು, ಗಂಡ ಐತನನ್ನು ಕರಕೊಂಡು ಬಂದಿದ್ದಳು.
ಕರಕೊಂಡು ಅಲ್ಲ, ಚಾಪೆಯಲ್ಲಿ ಹೊರಿಸಿಕೊಂಡು.
ಯಾರದೋ ಮನೆಯ ತಾಮ್ರದ ಹಂಡೆ ಕಾಣೆ. ಹಂಡೆ ಕಾಣದಿದ್ದರೆ
ಕೊರಗರ ಕೇರಿಗೆ ನುಗ್ಗುವುದಕ್ಕೆ ಆಗ ತನಿಖೆ ಎಂದು ಹೆಸರು.
"ತೆಂಗಿನ ಮರದಿಂದ ಬಿದ್ದು" ಎಂದು ಬರೆದೆ.
ಐತ ಬುಟ್ಟಿ ಹೆಣೆಯುವವನು. ಮರ ಹತ್ತಿದ್ದೇ ಇಲ್ಲ,
ಅವನಿಗೆ ಹತ್ತಲಿಕ್ಕೆ ಯಾರ ತೋಟದಲ್ಲಿ ಮರ ಇತ್ತು?
ಹತ್ತಿಸಿದ್ದು ನಾನು. ಬೀಳಿಸಿದ್ದೂ ನಾನು.
ನನ್ನ ಅಕ್ಷರ ಚಂದ ಅಂತ ಡಾಕ್ಟರು ಹೊಗಳಿದರು.
ಹಂಡೆ ಆಮೇಲೆ ಅವರ ಅಟ್ಟದಲ್ಲೇ ಸಿಕ್ಕಿತು.

ಅಂದು ಅವಳು ನಿಂತದ್ದು ಹೊರಗೆ, ಮೆಟ್ಟಿಲ ಕೆಳಗೆ.
ಒಳಗೆ ಬಾ ಎಂದು ಯಾರೂ ಹೇಳಲಿಲ್ಲ, ಬರಬೇಡ ಎಂದೂ.
ಇಂದು ಕೌಂಟರಿನ ಎದುರು ನಿಂತಿದ್ದಾಳೆ.
ನಡುವೆ ಮೂರು ಮೆಟ್ಟಿಲು. ನಾನೇ ಎಣಿಸಿದ್ದೇನೆ.
ಏಳು ವರ್ಷಕ್ಕೆ ಒಂದು.
ಕುರ್ಚಿ ಕೊಟ್ಟರೆ ಕೂರುತ್ತಾಳೆ ಈಗ, ತುದಿಯಲ್ಲಿ,
ಯಾರಾದರೂ ಬಂದರೆ ಏಳಲಿಕ್ಕೆ ಸುಲಭವಾಗುವಂತೆ.

ಏನೂ ಆಗಲಿಲ್ಲವೆಂದಲ್ಲ. ಕಾಯ್ದೆ ಬಂತು, ಮಗ ಬಿ.ಕಾಂ. ಆದ,
ನಾಕಾಬಂದಿಗೆ ಕ್ಯಾಮೆರಾ ಬಂತು, ಇವತ್ತು ಅದಕ್ಕೆ ಚಾರ್ಜಿಲ್ಲವಂತೆ.
ಕೆಂಪು ರಿಜಿಸ್ಟರಿನ ಜಾಗಕ್ಕೆ ಕಂಪ್ಯೂಟರು ಬಂತು.
ಗಾಯದ ಕಾರಣ: ಒತ್ತಿದರೆ ಪಟ್ಟಿ ಇಳಿಯುತ್ತದೆ.
ಬಿದ್ದು. ವಾಹನ ತಾಗಿ. ನಾಯಿ ಕಚ್ಚಿ. ಹಾವು. ಸುಟ್ಟು.
ಅಡಿಯಲ್ಲಿ, ಎಲ್ಲದರ ಕೆಳಗೆ, ಇತರೆ.

ಒತ್ತಿದೆ.
ಪೇದೆ ಟೊಪ್ಪಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದ.
"ನೀವೇ ಹೇಳಿ" ಎಂದೆ ಕೊರಪೊಲುವಿಗೆ.
ನೀವು ಅಂದದ್ದು ನನ್ನ ಬಾಯಿಗೇ ಹೊಸತು.
"ನಿಧಾನ ಹೇಳಿ, ನನ್ನದು ಎರಡು ಬೆರಳಿನ ಟೈಪು."
ಅವಳು ನನ್ನನ್ನು ನೋಡಿದಳು.
ನಿಧಾನವಾ, ಅಂದಳು, ಅಭ್ಯಾಸ ಉಂಟು.
ಆಮೇಲೆ ಶುರುಮಾಡಿದಳು, ಹಂಡೆಯಿಂದ.

ನೂರು ಅಕ್ಷರಕ್ಕೆ ಪೆಟ್ಟಿಗೆ ತುಂಬಿ ಕರ್ಸರು ನಿಂತಿತು.
ಅವಳಿನ್ನೂ ಸೇತುವೆಗೆ ಬಂದಿರಲಿಲ್ಲ.