ಹಿಮ್ಮಡಿ ರಬ್ಬರು

ಐಟಿಐ ಮುಗಿದು ಹತ್ತನೇ ತಿಂಗಳು.
ಸರ್ಟಿಫಿಕೇಟಿನ ಪ್ಲಾಸ್ಟಿಕ್ ಕವರು
ಬೆವರಿಗೆ ಅಂಗಿಗೇ ಅಂಟಿಕೊಳ್ಳುತ್ತಿತ್ತು.
ಬಿ.ಎಚ್. ರಸ್ತೆಯ ಶೋರೂಮಿನವರು
ಒಳಗೆ ಕೂರಿಸಿ, ಹದಿನೆಂಟು ಡಿಗ್ರಿ ಗಾಳಿ ಬಿಟ್ಟು
'ಅನುಭವ ಎಷ್ಟು ವರ್ಷ?' ಎಂದರು.
ಕೆಲಸ ಕೊಟ್ಟರೆ ತಾನೇ ಎನ್ನಬೇಕೆಂದಿದ್ದೆ,
ತಂಪು ಹಿತವಾಗಿತ್ತು, ಸುಮ್ಮನೆ ಕೂತೆ.

ದುರ್ಗಿಗುಡಿಯವರು ಬೈಕ್ ಇದೆಯಾ ಅಂದರು.
ಸವಳಂಗ ರಸ್ತೆಯವರು ಆಕಾಶ ತೋರಿಸಿದರು:
'ಜೂನ್ ಬಂತಲ್ಲಪ್ಪ, ಇನ್ನು ಎಸಿ ಯಾರಿಗೆ ಬೇಕು?
ಶಿವರಾತ್ರಿ ಕಳೆದ ಮೇಲೆ ಬಾ.'
ಚಪ್ಪಲಿ ಸವೆಸುವುದು ಬರೀ ಮಾತಲ್ಲ.
ರಸ್ತೆಯ ಜಲ್ಲಿಯ ಲೆಕ್ಕ ನನ್ನ ಎಡಗಾಲಿಗೆ ಸಿಗುತ್ತಿತ್ತು.
ಬಲಗಾಲಿನದು ಮಾತ್ರ, ಯಾಕೋ, ಇನ್ನೂ ದಪ್ಪಗಿತ್ತು.

ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ
ಬೋರ್ಡಿಲ್ಲದ ಅಂಗಡಿ.
ಗೋಡೆಗೊರಗಿ ಬಾಯಿ ತೆರೆದ ಐದು ಫ್ರಿಜ್ಜು,
ಒಂದರ ತರಕಾರಿ ಟ್ರೇಯಲ್ಲಿ ಬೆಕ್ಕು ಮರಿ ಹಾಕಿತ್ತು.
ಪಾಸ್ಕಲಣ್ಣ ಕವರಿನ ಕಡೆ ನೋಡಲೂ ಇಲ್ಲ.
'ತಂಪು ಅಂದ್ರೆ ಏನೋ?'
ಕಂಪ್ರೆಸರ್, ಕಂಡೆನ್ಸರ್ ಎಂದು ಶುರುಮಾಡಿದೆ,
ಮಗ್ಗಿ ಒಪ್ಪಿಸುವವನ ಹಾಗೆ.
'ತಂಪು ಅನ್ನೋದೇ ಇಲ್ಲ ಮಾರಾಯ.
ಒಳಗಿನ ಬಿಸೀನ ಹೊತ್ತು ಹೊರಗೆ ಹಾಕೋದು.
ನಾವು ಹಮಾಲಿಗಳು.'
'ನಮ್ಮಪ್ಪ ಎಪಿಎಂಸಿಯಲ್ಲಿ ಹಮಾಲಿ' ಎಂದೆ,
ಬೇರೇನೂ ತೋಚದೆ.
'ಹೌದಾ? ಆ ಹದಿನಾಲ್ಕರ ಸ್ಪ್ಯಾನರ್ ಕೊಡು.'
ಹದಿನೈದರದು ಕೊಟ್ಟೆ. ಬೈಯಲಿಲ್ಲ.
ಹೋಗು ಎನ್ನಲೂ ಇಲ್ಲ.

ರಾತ್ರಿ ಹತ್ತಕ್ಕೆ ವಿನೋಬನಗರದಿಂದ ಫೋನು.
ಬಾಡಿಗೆಗೆ ತಂದ ಶವದ ಪೆಟ್ಟಿಗೆ ತಣ್ಣಗಾಗುತ್ತಿಲ್ಲ,
ಮಗಳು ಬೀದರಿನಿಂದ ಹೊರಟಿದ್ದಾಳೆ, ಬೆಳಗಾಗುತ್ತದೆ.
ಚಾಪೆಯ ಮೇಲೆ ಕೂತ ನೆಂಟರು ಕಾಲು ಮಡಚಿ ದಾರಿ ಬಿಟ್ಟರು.
ಟಾರ್ಚು ಹಿಡಿದೆ. ತಂತಿಜಾಲರಿ ಬಿಚ್ಚಿದರೆ
ಫ್ಯಾನಿನ ರೆಕ್ಕೆಗೆ ಒಣಗಿದ ಸೇವಂತಿಗೆ ಸುತ್ತಿಕೊಂಡಿತ್ತು,
ಬೇರೆ ಯಾವುದೋ ಮನೆಯ ಸಾವಿನದು.
ಎಳೆ ಎಳೆಯಾಗಿ ಬಿಡಿಸಿದೆ.
ಎಲ್ಲಿ ಎಸೆಯುವುದೆಂದು ತಿಳಿಯದೆ
ಜೇಬಿಗೆ ಹಾಕಿಕೊಂಡೆ.

ಯಂತ್ರ ಓಡಿತು, ತಗಡೆಲ್ಲ ನಡುಗಿಸುತ್ತ, ಗಡಗಡ ಗಡಗಡ.
ಅಜ್ಜಿ ತಲೆ ಎತ್ತಿದರು:
'ಸದ್ದು ಕಡಿಮೆ ಮಾಡ್ರಪ್ಪ.
ಮೂವತ್ತೊಂದು ವರ್ಷ ಬಸ್ ಓಡಿಸಿದಾರೆ,
ಇಂಜಿನ್ ಪಕ್ಕದಲ್ಲೇ ಕೂತು.
ಇವತ್ತಾದ್ರೂ...'
ಪಾಸ್ಕಲಣ್ಣ ಕೆಳಗೆ ಕೈ ಹಾಕಿ ತಡಕಿದರು.
ಕಂಪ್ರೆಸರಿನ ಒಂದು ಪಾದಕ್ಕೆ ರಬ್ಬರೇ ಇಲ್ಲ.
ಹೊಸ್ತಿಲಾಚೆಯ ಚಪ್ಪಲಿಗಳ ರಾಶಿ ನೋಡಿ ಮೆಲ್ಲಗೆ ಕೇಳಿದರು,
'ನಿಂದು ಯಾವುದು?'

ಬಲಗಾಲಿನದರ ಹಿಮ್ಮಡಿ.
ಬ್ಲೇಡು ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು.
ಕೊಯ್ದ ತುಂಡನ್ನು ನಾನೇ ತೂರಿಸಿ ನಟ್ಟು ಬಿಗಿದೆ,
ಈ ಸಲ ಹದಿನಾಲ್ಕರದೇ ಸ್ಪ್ಯಾನರು.
ಸದ್ದು ಇಳಿಯಿತು,
ಗೋಡೆಯ ಆಚೆ ಯಾರೋ ಹೊಲಿಗೆ ಹಾಕುತ್ತಿದ್ದಾರೆ ಎನ್ನುವಷ್ಟು.

ಪೆಟ್ಟಿಗೆಯ ಹಿಂದೆ ಮಂಡಿಯೂರಿ ಕೈ ಒಡ್ಡಿದೆ.
ಬಿಸಿ ಬರುತ್ತಿತ್ತು, ನಿಧಾನಕ್ಕೆ,
ಆ ಮನುಷ್ಯನ ಮೈಯಲ್ಲಿ ಉಳಿದಿದ್ದದ್ದು.
ಪುಸ್ತಕದಲ್ಲಿ ಇದಕ್ಕೊಂದು ಸೂತ್ರವಿದೆ, ನನಗೆ ಬರುತ್ತದೆ.
ಹೇಳಿಕೊಳ್ಳಲಿಲ್ಲ.
ಗಾಜಿನ ಮೇಲೆ ಮಂಜು ಕೂತಾಗ
ಅಜ್ಜಿ ಸೆರಗಿನಿಂದ ಒರೆಸಿ ಮುಖ ನೋಡಿದರು.
ಮತ್ತೆ ಕೂತಿತು, ಮತ್ತೆ ಒರೆಸಿದರು.

ಮನೆ ಸೇರುವಾಗ ಮೂರು ಗಂಟೆ.
ಒಂದು ಕಾಲು ಒಣ, ಒಂದು ಕಾಲು ಕೆಸರು.
ಅಪ್ಪ ಲೋಡಿಗೆ ಹೊರಟಿದ್ದ, ಹೆಗಲ ಮೇಲೆ ಗೋಣಿ ತಾಟು.
'ಚಪ್ಪಲಿ ಏನಾಯ್ತೋ ಹಾಲೇಶಿ?'
'ಕೆಲಸ ಸಿಕ್ತು.'
ಅವನು ನನ್ನ ಕಾಲನ್ನೇ ನೋಡಿದ, ಆಮೇಲೆ ಮುಖ.
'ಸಂಬಳ ಎಷ್ಟಂತೆ?'

ಕೇಳಲು ಮರೆತಿದ್ದೆ.